ಎಲ್ಲದಕ್ಕೂ ಹೂಂ

ಹುಡುಗಿಯರ ಹಾಸ್ಟೆಲ್, ಮಂಡ್ಯ
4 ಜುಲೈ 2024

ಶ್ರೀ ಕೆಂಪರಾಜು ಅವರಿಗೆ,

ವಂದನೆಗಳು. ನಾನು ಚೈತನ್ಯಾ, ಎಂಬಿಬಿಎಸ್ ಎರಡನೇ ವರ್ಷದ ವಿದ್ಯಾರ್ಥಿನಿ. ಕಳೆದ ತಿಂಗಳು ಮಳವಳ್ಳಿಯಲ್ಲಿ ನೀವು ಕೆಲಸ ಮಾಡುವ ಅಕ್ಕಿ ಗಿರಣಿಗೆ ಬಂದು, ಅಲ್ಲಿಯವರ ಕಿವಿ ಪರೀಕ್ಷೆ ಮಾಡಿಸಿ, ಒಂದಷ್ಟು ಪ್ರಶ್ನೆ ಕೇಳಿ ಬರೆದುಕೊಂಡು ಹೋದವಳು. ಹಸಿರು ಚೂಡಿದಾರ, ಕನ್ನಡಕ ಎಂದರೆ ನೆನಪಾಗಬಹುದು. ಗಿರಣಿಯ ಸದ್ದಿನಿಂದ ಕೆಲಸಗಾರರ ಕಿವಿಗೆ ಏನಾಗುತ್ತದೆ ಎಂಬುದು ನನ್ನ ಅಧ್ಯಯನದ ವಿಷಯ.

ಪರೀಕ್ಷೆಯಲ್ಲಿ ನಿಮ್ಮ ಎರಡೂ ಕಿವಿಗಳ ಶಕ್ತಿ ಸ್ವಲ್ಪ ಕಡಿಮೆ ಇರುವಂತೆ ಕಂಡಿದೆ. ಹೆದರುವಂಥದ್ದಿಲ್ಲ. ಆದರೆ ಸದ್ದಿಲ್ಲದ ಕೋಣೆಯಲ್ಲಿ ಇನ್ನೊಮ್ಮೆ ನೋಡಬೇಕು. ಇದನ್ನು ತಿಳಿಸಲು ಫೋನ್ ಮಾಡಿದ್ದೆ. ನೀವು "ಹೂಂ, ಹೂಂ, ಆಯ್ತು" ಎಂದು ಇಟ್ಟಿರಿ. ಇವತ್ತು ಗುರುವಾರ ಬರುತ್ತೀರೆಂದು ಮಧ್ಯಾಹ್ನದವರೆಗೂ ನಮ್ಮ ಆಸ್ಪತ್ರೆಯ ಕಿವಿ ವಿಭಾಗದ ಬಾಗಿಲಲ್ಲಿ ಕಾದೆ. ಬರಲಿಲ್ಲ. ಫಲಿತಾಂಶವನ್ನು ಬರಹದಲ್ಲಿ ತಿಳಿಸಬೇಕೆಂಬ ನಿಯಮವೂ ಇರುವುದರಿಂದ ಈ ಪತ್ರ.

ನನ್ನ ಪ್ರಶ್ನೆಗಳಲ್ಲಿ ಒಂದನ್ನೂ ಬಿಡದೆ ಉತ್ತರಿಸಿದ್ದಕ್ಕೆ ಧನ್ಯವಾದ. ಯಾವ ಗುರುವಾರವಾದರೂ ಬನ್ನಿ. ಮನೆಯವರನ್ನೂ ಕರೆತನ್ನಿ.

ಇಂತಿ,
ಚೈತನ್ಯಾ


ಮಳವಳ್ಳಿ
16 ಜುಲೈ 2024

ಡಾಕ್ಟರಮ್ಮನವರಿಗೆ ಕೆಂಪರಾಜು ಮಾಡುವ ನಮಸ್ಕಾರ.

ನಿಮ್ಮ ಲಕೋಟೆ ಬಂತು. ನಮ್ಮನೆಯವಳು ನಾಗರತ್ನ ಅದನ್ನು ತಂದು ನನ್ನ ಊಟದ ತಟ್ಟೆಯ ಪಕ್ಕ ಇಟ್ಟಳು. ಏನು, ಎತ್ತ ಅಂತ ಕೇಳಲಿಲ್ಲ. ಆದರೂ ಇನ್ನು ಮುಂದೆ ದಯವಿಟ್ಟು ಮನೆಗೆ ಬರೆಯಬೇಡಿ. ಬರೆಯಲೇಬೇಕು ಅಂತಿದ್ದರೆ ಲಿಂಗಯ್ಯನ ಟೀ ಅಂಗಡಿ, ಬಸ್ ಸ್ಟ್ಯಾಂಡ್ ಎದುರು, ಮಳವಳ್ಳಿ ಅಂತ ಹಾಕಿ. ಅವನು ಕೊಡುತ್ತಾನೆ.

ನನ್ನ ಕಿವಿ ಚೆನ್ನಾಗಿದೆ. ಎಸ್ಸೆಸ್ಸೆಲ್ಸಿ ಪಾಸು ಮಾಡಿದ ವರ್ಷವೇ ಗಿರಣಿಗೆ ಸೇರಿದವನು ನಾನು, ಈಗ ಐವತ್ತು ದಾಟಿದೆ. ಮೆಷಿನ್ ನೋಡಿಕೊಳ್ಳುವವನಿಗೆ ಕಿವಿ ಇಲ್ಲದಿದ್ದರೆ ನಡೆಯುತ್ತದಾ? ಬೆಲ್ಟು ಸಡಿಲ ಆಗಲಿ, ಭತ್ತದಲ್ಲಿ ಕಲ್ಲು ಬರಲಿ, ಸದ್ದಿನಲ್ಲೇ ಗೊತ್ತಾಗಬೇಕು. ನನಗೆ ಕೇಳಿಸುವುದಿಲ್ಲ ಅಂತ ಸಾವ್ಕಾರ್ರ ತನಕ ಸುದ್ದಿ ಹೋದರೆ ಮೆಷಿನ್ ಬಿಡಿಸಿ ಕೈಗೆ ಪೊರಕೆ ಕೊಡುತ್ತಾರೆ, ಅಷ್ಟೇ.

ನಮ್ಮ ಬೀದಿಯಲ್ಲಿ ಒಬ್ಬ ಕೆಪ್ಪ ಇದ್ದ. ಅವನಿಗೆ ಅಪ್ಪ ಅಮ್ಮ ಏನು ಹೆಸರಿಟ್ಟಿದ್ದರು ಅಂತ ಯಾರಿಗೂ ಗೊತ್ತಿರಲಿಲ್ಲ. ಸತ್ತಾಗಲೂ "ಕೆಪ್ಪ ಓದ್ನಂತೆ" ಅಂದರು. ಆ ಹೆಸರು ನನಗೆ ಬೇಡ ತಾಯಿ. ನಿಮ್ಮ ಓದು ಚೆನ್ನಾಗಿ ಸಾಗಲಿ.

ಕೆಂಪರಾಜು


ಮಂಡ್ಯ
21 ಜುಲೈ 2024

ಕೆಂಪರಾಜಣ್ಣ ಅವರಿಗೆ,

ಮೊದಲು ತಪ್ಪಾಯಿತು ಎನ್ನುತ್ತೇನೆ. ನೀವು ಹೇಳಿದ ವಿಳಾಸಕ್ಕೇ ಬರೆಯುತ್ತಿದ್ದೇನೆ. ನಿಮ್ಮ ಕಿವಿಯ ವಿಷಯ ನನ್ನ ಬಾಯಿಂದ ನಿಮ್ಮ ಸಾವ್ಕಾರರಿಗಾಗಲಿ, ನಿಮ್ಮ ಮನೆಗಾಗಲಿ ಹೋಗುವುದಿಲ್ಲ. ಕೆಲಸ ಶುರು ಮಾಡುವ ಮುಂಚೆ ನಮ್ಮಿಂದ ಹಾಗೆ ಬರೆಸಿಕೊಂಡಿದ್ದಾರೆ. ಮತ್ತೆ, ನಾನಿನ್ನೂ ಡಾಕ್ಟರಲ್ಲ. ಹೆಸರು ಹಿಡಿದೇ ಬರೆಯಿರಿ.

ಈ ಕೆಲಸಕ್ಕೆ ನಾನು ಬಿದ್ದದ್ದು ಒಂದು ಬಸ್ಸಿನಿಂದ. ಮದ್ದೂರಿನಿಂದ ಮಂಡ್ಯಕ್ಕೆ ಬರುವಾಗ ಗೆಜ್ಜಲಗೆರೆಯಲ್ಲಿ ಕಾರ್ಖಾನೆಯ ಹುಡುಗರು ಹತ್ತಿದರು. ಒಂದೇ ಸೀಟಿನಲ್ಲಿ ಕೂತು ಹೊಲದ ಆ ಬದುವಿನಿಂದ ಈ ಬದುವಿಗೆ ಕೂಗಿದ ಹಾಗೆ ಮಾತಾಡುತ್ತಿದ್ದರು. ಕಂಡಕ್ಟರ್, "ಯಾಕ್ರಲಾ ಇಂಗ್ ಅರಚ್ಕತೀರಿ, ಕಿವಿ ಕೆಪ್ಪಾ?" ಅಂದ. ಬಸ್ಸೆಲ್ಲಾ ನಕ್ಕಿತು, ನಾನೂ ನಕ್ಕೆ. ಇಳಿದ ಮೇಲೆ, ನಿಜವಾಗಿಯೂ ಕೇಳಿಸದಿದ್ದರೆ ಅನ್ನಿಸಿತು.

ಕಾಲೇಜಿನಲ್ಲಿ ವಿದ್ಯಾರ್ಥಿಗಳಿಗೆಂದೇ ಒಂದು ಸಣ್ಣ ಸಂಶೋಧನಾ ಯೋಜನೆ ಇದೆ. ನಮ್ಮ ಗೈಡ್ ಸರ್ ಮೊದಲ ದಿನವೇ, "ಪುಸ್ತಕದಲ್ಲಿ ಉತ್ತರ ಸಿಗದ, ನಿನ್ನ ಬಸ್ ಚಾರ್ಜಿಗೆ ಎಟುಕುವ ಒಂದು ಪ್ರಶ್ನೆ ತಗೊಂಡು ಬಾ" ಅಂದಿದ್ದರು. ಈ ಪ್ರಶ್ನೆ ಹಿಡಿದು ಹೋದೆ. ಬೇರೆ ಊರಿನವರು ಇದರ ಬಗ್ಗೆ ಏನು ಕಂಡುಕೊಂಡಿದ್ದಾರೆ ಅಂತ ಒಂದು ತಿಂಗಳು ಓದಿಸಿದರು. ಆಮೇಲೆ ನಾಲ್ಕು ಪುಟ ಬರೆಸಿದರು, ಅದನ್ನು ನೀತಿ ಸಮಿತಿಯವರು ಎರಡು ಸಲ ವಾಪಸ್ ಕಳಿಸಿದರು. ಜನರಿಂದ ಒಪ್ಪಿಗೆ ತೆಗೆದುಕೊಳ್ಳುವುದು ಹೇಗೆ ಅನ್ನುವುದಕ್ಕೇ ಒಂದು ವಾರ ಪಾಠ. ಇಷ್ಟೆಲ್ಲ ಆದ ಮೇಲೆ ನಾನು ನಿಮ್ಮ ಗಿರಣಿಯ ಬಾಗಿಲಿಗೆ ಬಂದದ್ದು.

ಈಗ ಒಂದು ತಲೆನೋವು ಹತ್ತಿದೆ. ನಿಮ್ಮಲ್ಲಿಯ ಐವತ್ತೆಂಟು ಜನರೂ ಎಲ್ಲ ಪ್ರಶ್ನೆಗೂ ಹೂಂ ಅಂದಿದ್ದೀರಿ. ಕಿವಿಗೆ ಹತ್ತಿ ಇಟ್ಟುಕೊಳ್ಳುತ್ತೀರಾ, ಹೂಂ. ಮಾತು ಸ್ಪಷ್ಟವಾಗಿ ಕೇಳಿಸುತ್ತದಾ, ಹೂಂ. ಕೇಳಿಸದೆ ತೊಂದರೆ ಆಗಿದೆಯಾ, ಅದಕ್ಕೂ ಹೂಂ! ಸರ್ ಮಾತ್ರ "ಒಬ್ಬರೂ ಇಲ್ಲ ಅಂದಿಲ್ಲವಲ್ಲ, ಒಳ್ಳೆ ಜನ" ಎಂದು ಖುಷಿಯಾಗಿದ್ದಾರೆ. ನಿಮಗೇನಾದರೂ ಗೊತ್ತಾ?

ನನ್ನದು ಕೆರಗೋಡು. ನಿಮ್ಮ ಕಡೆಯ ಹಾಗೆ ನಮ್ಮ ಕಡೆಯೂ ಭತ್ತ, ಕಬ್ಬು. ಇವತ್ತು ಭಾನುವಾರ, ಸ್ನೇಹಿತೆಯರೆಲ್ಲ ಸಿನಿಮಾಕ್ಕೆ ಹೋಗಿದ್ದಾರೆ. ನನಗೆ ಬರೆಯುವುದಿತ್ತು, ಉಳಿದೆ.

ಚೈತನ್ಯಾ


ಮಳವಳ್ಳಿ
9 ಆಗಸ್ಟ್ 2024

ಚೈತನ್ಯಮ್ಮನಿಗೆ,

ನಿಮ್ಮ ಕಾಗದ ಓದಿ ಟೀ ಅಂಗಡಿಯಲ್ಲಿ ಒಬ್ಬನೇ ನಕ್ಕೆ. ಲಿಂಗಯ್ಯ ಏನೋ ಕೇಳಿದ. ಹೂಂ ಅಂದೆ.

ನೀವು ಬಂದ ದಿನ ಮೆಷಿನ್ ಓಡುತ್ತಿತ್ತಲ್ಲ? ಅದು ಓಡುವಾಗ ದೇವರು ಬಂದು ವರ ಬೇಕಾ ಅಂದರೂ ನಮಗೆ ಕೇಳಿಸುವುದಿಲ್ಲ. ನಾವು ಕೈಸನ್ನೆಯವರು. ಎರಡು ಬೆರಳು ಎತ್ತಿದರೆ ಚೀಲ ತಾ, ಅಂಗೈ ತಿರುಗಿಸಿದರೆ ಬಂದ್ ಮಾಡು. ಹೊರಗಿನವರು ಬಂದು ಬಾಯಾಡಿಸಿದರೆ ಅವರ ಹುಬ್ಬು ನೋಡುತ್ತೇವೆ. ಹುಬ್ಬು ಮೇಲಕ್ಕೆ ಹೋಯಿತಾ, ಪ್ರಶ್ನೆ. ಪ್ರಶ್ನೆ ಅಂದರೆ ಹೂಂ. ಉಹೂಂ ಅಂದರೆ ಯಾಕೆ ಅಂತ ಇನ್ನೊಂದು ಪ್ರಶ್ನೆ ಬರುತ್ತದೆ. ಹೂಂ ಅಂದರೆ ಅಲ್ಲಿಗೆ ಮುಗಿಯಿತು. ಅದರ ಮೇಲೆ ಅವತ್ತು ಸಾವ್ಕಾರ್ರು ಬಾಗಿಲಲ್ಲೇ ನಿಂತಿದ್ದರು. ನೀವೋ, ಪಾಪ, ಪ್ರತಿಯೊಬ್ಬರಿಗೂ ನಗುನಗುತ್ತಾ ಕೇಳುತ್ತಿದ್ದಿರಿ. ನಗುವ ಹೆಣ್ಣುಮಗುವಿಗೆ ಇಲ್ಲ ಅನ್ನುವುದು ಹೇಗೆ?

ನನ್ನ ಕಿವಿ ಚೆನ್ನಾಗಿದೆ, ಅದು ಬೇರೆ ವಿಷಯ. ಆದರೆ ಆ ಗದ್ದಲದಲ್ಲಿ ನೀವು ಕೇಳಿದ್ದು ಒಂದೂ ನನಗೆ ಗೊತ್ತಾಗಲಿಲ್ಲ. ಮಿಕ್ಕವರಿಗೂ ಅಷ್ಟೇ. ಏನು ಕೇಳಿದಿರಿ ಅಂತ ಕುತೂಹಲ. ಬರೆದು ಕಳಿಸಿದರೆ ಓದುತ್ತೇನೆ.

ಕೆಂಪರಾಜು


ಮಂಡ್ಯ
15 ಆಗಸ್ಟ್ 2024

ಕೆಂಪರಾಜಣ್ಣ,

ನೀವು ಹೇಳದೇ ಇದ್ದಿದ್ದರೆ ಚೆನ್ನಾಗಿತ್ತು. ಸಿಟ್ಟಿನಲ್ಲೇ ಬರೆಯುತ್ತಿದ್ದೇನೆ, ಮನ್ನಿಸಿ.

ಕಿವಿ ಕೇಳಿಸುತ್ತದಾ ಅಂತ ತಿಳಿಯಲು ಹೋದವಳು, ಕೇಳಿಸದ ಜಾಗದಲ್ಲಿ ನಿಂತು ಬಾಯಲ್ಲಿ ಕೇಳಿಕೊಂಡು ಬಂದೆನಲ್ಲ! ನಾಲ್ಕು ಪುಟ ಎರಡು ಸಲ ತಿದ್ದಿದ ಅಷ್ಟೂ ಜನರಿಗೆ ಇದು ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ. ಸರ್ ಹತ್ತಿರ ಹೋಗಿ ಹೇಳಿದೆ. ಅವರು ಬಯ್ಯಲಿಲ್ಲ. "ಇದು ನಿನ್ನ ಮೊದಲ ಕೆಲಸ ಕಣಮ್ಮ. ಅಧ್ಯಯನದ ಮಿತಿಗಳು ಅಂತ ಕೊನೆಗೆ ಒಂದು ಸಾಲು ಸೇರಿಸಿ ಕೊಟ್ಟುಬಿಡು. ಸೆಪ್ಟೆಂಬರ್ ಕೊನೆಗೆ ವರದಿ ಹೋಗದಿದ್ದರೆ ಸರ್ಟಿಫಿಕೇಟ್ ಇಲ್ಲ" ಅಂದರು. ಆ ಸರ್ಟಿಫಿಕೇಟು ನನಗೆ ಎಷ್ಟು ಬೇಕಾಗಿದೆ ಅನ್ನುವುದನ್ನು ನಿಮಗೆ ಹೇಳಲಾರೆ.

ಪ್ರಶ್ನೆಗಳನ್ನು ದಪ್ಪ ಅಕ್ಷರದಲ್ಲಿ ಬರೆದು ಇದರ ಜೊತೆ ಇಟ್ಟಿದ್ದೇನೆ. ಹೌದು, ಇಲ್ಲ ಎನ್ನುವ ಚೌಕಗಳನ್ನು ತೆಗೆದುಹಾಕಿದ್ದೇನೆ. ಮನಸ್ಸಿದ್ದರೆ ಉತ್ತರ ಬರೆಯಿರಿ, ಇಲ್ಲದಿದ್ದರೆ ಬಿಡಿ. ಇವತ್ತು ಬಾವುಟ ಏರಿಸಿ ಲಾಡು ಕೊಟ್ಟರು. ಅದನ್ನು ರೂಮಿಗೆ ತಂದು ತಿಂದೆ.

ಚೈತನ್ಯಾ


ಮಳವಳ್ಳಿ
26 ಆಗಸ್ಟ್ 2024

ಚೈತನ್ಯಮ್ಮ,

ಸಿಟ್ಟು ಮಾಡಿಕೊಂಡರೂ ಕಾಗದ ಹಾಕಿದಿರಿ, ಅದು ದೊಡ್ಡದು. ನಿಮ್ಮ ಪ್ರಶ್ನೆಗಳನ್ನು ಗೋಡೌನಿನಲ್ಲಿ ಚೀಲದ ಮೇಲೆ ಕೂತು ಓದಿದೆ. ನನ್ನನ್ನು ಇಷ್ಟು ವಿಷಯ ಕೇಳಿದವರು ಯಾರೂ ಇಲ್ಲ. ಅದಕ್ಕೆ ಈ ಸಲ ನಿಜ ಬರೆಯುತ್ತೇನೆ.

ಕಿವಿಗೆ ಹತ್ತಿ ಇಡುವುದಿಲ್ಲ. ತೌಡಿನ ಧೂಳಿಗೆ ಮೂಗಿಗೆ ಟವೆಲ್ ಕಟ್ಟುತ್ತೇವೆ, ಕಿವಿ ನೆನಪಾಗುವುದಿಲ್ಲ. ಕಿವಿಯೊಳಗೆ ಸದ್ದು ಬರುತ್ತದಾ ಅಂತ ಕೇಳಿದ್ದೀರಿ. ಬರುತ್ತದೆ. ಜೀರುಂಡೆ ಕೂತ ಹಾಗೆ, ಮಲಗಿದರೆ ಜಾಸ್ತಿ. ಮಾತು ಕೇಳಿಸುತ್ತದಾ ಅಂತ ಕೇಳಿದ್ದೀರಿ. ಇಲ್ಲ. ಐದಾರು ವರ್ಷದಿಂದ ಕಡಿಮೆಯಾಗುತ್ತಾ ಬಂದು ಈಗ ಮುಖ ನೋಡದೆ ಒಂದಕ್ಷರ ತಿಳಿಯುವುದಿಲ್ಲ. ಹಾಗಾದರೆ ಪರೀಕ್ಷೆಯಲ್ಲಿ ಸ್ವಲ್ಪ ಕಡಿಮೆ ಅಂತ ಮಾತ್ರ ಬಂದದ್ದು ಹೇಗೆ ಅನ್ನುತ್ತೀರಿ. ನಿಮ್ಮ ಜೊತೆ ಬಂದ ಹುಡುಗ ಗುಂಡಿ ಒತ್ತುವಾಗ ಅವನ ಹೆಬ್ಬೆರಳು ನೋಡಿಕೊಂಡು ಕೈ ಎತ್ತಿದೆ. ಮೆಷಿನ್ ಕೆಲಸವನ್ನೂ ಹಾಗೇ ಮಾಡುತ್ತೇನೆ. ಅದರ ಮೈಮೇಲೆ ಕೈ ಇಟ್ಟುಕೊಂಡಿರುತ್ತೇನೆ, ನಡುಕದಲ್ಲಿ ತಿಳಿಯುತ್ತದೆ. ಇದು ನಿಮ್ಮನ್ನು ಬಿಟ್ಟು ಯಾರಿಗೂ ಗೊತ್ತಿಲ್ಲ.

ಕೊನೆಯ ಪ್ರಶ್ನೆ, ಮನಸ್ಸು ಬಿಚ್ಚಿ ಮಾತಾಡಲು ನಿಮಗೆ ಯಾರಾದರೂ ಇದ್ದಾರಾ? ಅಯ್ಯೋ, ಇದಕ್ಕೂ ಹೂಂ ಅಂದಿದ್ದೆನಲ್ಲಮ್ಮ.

ಮಗಳು ವೀಣಳನ್ನು ಮದ್ದೂರಿಗೆ ಕೊಟ್ಟಿದ್ದೇವೆ. ಮನೆಯಲ್ಲಿ ನಾನು, ನಾಗರತ್ನ, ಒಂದು ಹಸು. ನಾಗರತ್ನ ಮಾತಿನ ಮಲ್ಲಿ. ಮದುವೆಯಾದ ಹೊಸದರಲ್ಲಿ "ಸಾಕು ನಿಲ್ಸೇ" ಅಂತ ಬೇಡಿಕೊಳ್ಳುತ್ತಿದ್ದೆ. ಎರಡು ವರ್ಷದ ಹಿಂದೆ ಹೊಸತೊಡಕಿನ ದಿನ, ಅಂದರೆ ಯುಗಾದಿ ಮಾರನೆಯ ದಿನ, ಒಲೆ ಮೇಲೆ ಬಾಡಿನ ಸಾರು ಕುದಿಯುತ್ತಿತ್ತು. ಅವಳು ಬೆನ್ನು ತಿರುಗಿಸಿಕೊಂಡು ಕೂತಿದ್ದಳು. ನನ್ನ ಕಡೆ ತಿರುಗಿದಾಗ ಅವಳ ಮುಖ ಉತ್ತರ ಕಾಯುವ ಹಾಗಿತ್ತು. ಏನೋ ಕೇಳಿದ್ದಾಳೆ, ಸಾರಿಗೆ ಉಪ್ಪು ಸರಿಯಾಗಿದೆಯಾ ಅಂತಿರಬೇಕು ಅಂದುಕೊಂಡು ಹೂಂ ಅಂದೆ. ಸೌಟು ಅಲ್ಲೇ ಬಿಟ್ಟು ಎದ್ದು ಹಿತ್ತಲಿಗೆ ಹೋದಳು. ಅವತ್ತಿನಿಂದ ನನ್ನ ಜೊತೆ ಮಾತು ಬಿಟ್ಟಳು. ತಟ್ಟೆ ಇಡುತ್ತಾಳೆ, ಲೋಟ ಕುಕ್ಕುತ್ತಾಳೆ. ಹಸುವಿನ ಮುಂದೆ ಅವಳ ಬಾಯಿ ಆಡುವುದು ಕಾಣಿಸುತ್ತದೆ.

ಅವತ್ತು ಏನು ಕೇಳಿದಳು ಅಂತ ಇವತ್ತಿಗೂ ನನಗೆ ಗೊತ್ತಿಲ್ಲ. ಕೇಳೋಣ ಅಂದರೆ ಕಿವಿ ಕೇಳಿಸಲಿಲ್ಲ ಅಂತ ಹೇಳಬೇಕಾಗುತ್ತದೆ.

ಕೆಂಪರಾಜು


ಮಂಡ್ಯ
7 ಸೆಪ್ಟೆಂಬರ್ 2024

ಕೆಂಪರಾಜಣ್ಣ,

ನಿಮ್ಮ ಪತ್ರವನ್ನು ಎಷ್ಟು ಸಲ ಓದಿದೆನೋ. ಐವತ್ತೆಂಟು ಹೂಂಗಳಿಗಿಂತ ಈ ಮೂರು ಪುಟದಲ್ಲಿ ಹೆಚ್ಚು ವಿಷಯ ಇದೆ. ಹಳೆಯ ಉತ್ತರಗಳನ್ನು ಇಟ್ಟುಕೊಂಡು ವರದಿ ಬರೆಯಲು ನನ್ನ ಕೈ ಏಳುತ್ತಿಲ್ಲ. ಅವನ್ನೆಲ್ಲ ಕೈಬಿಡುತ್ತೇನೆ, ಮತ್ತೆ ಕೇಳುತ್ತೇನೆ ಅಂತ ಸರ್‌ಗೆ ಹೇಳಿದೆ. ಕೇಳುವ ರೀತಿ ಬದಲಿಸಬೇಕಾದರೆ ನೀತಿ ಸಮಿತಿಗೆ ಮತ್ತೆ ಬರೆಯಬೇಕು, ಒಪ್ಪಿಗೆ ಬರುವಷ್ಟರಲ್ಲಿ ಗಡುವು ಮುಗಿದಿರುತ್ತದೆ. "ಯೋಚನೆ ಮಾಡಿದೀಯಾ?" ಅಂದರು. ಮಾಡಿದೀನಿ ಸರ್ ಅಂದೆ.

ಈಗ ನಿಮ್ಮ ವಿಷಯ. ನಾಗರತ್ನಕ್ಕನಿಗೆ ನಾನು ಏನೂ ಹೇಳುವ ಹಾಗಿಲ್ಲ, ಹೇಳುವುದೂ ಇಲ್ಲ. ಆದರೆ ನೀವು ಹೇಳಬಹುದಲ್ಲ? ಬಾಯಲ್ಲಿ ಕಷ್ಟವಾದರೆ ಒಂದು ಚೀಟಿಯಲ್ಲಿ ಬರೆಯಿರಿ. ಅವತ್ತು ನೀನು ಕೇಳಿದ್ದು ನನಗೆ ಕೇಳಿಸಲಿಲ್ಲ, ಇನ್ನೊಂದು ಸಲ ಹೇಳು ಅಂತ. ಇಷ್ಟೇ ತಾನೇ?

ಇವತ್ತು ಗಣೇಶನ ಹಬ್ಬ. ಹಾಸ್ಟೆಲ್ಲು ಖಾಲಿ. ಪರೀಕ್ಷೆ ಹತ್ತಿರ ಇದೆ ಅಂತ ನಾನು ಊರಿಗೆ ಹೋಗಲಿಲ್ಲ.

ಚೈತನ್ಯಾ


ಮಳವಳ್ಳಿ
14 ಸೆಪ್ಟೆಂಬರ್ 2024

ಚೈತನ್ಯಾ ಅವರಿಗೆ,

ಇಷ್ಟೇ ತಾನೇ ಅಂತ ಬರೆದಿದ್ದೀರಿ. ನಿಮಗೆ ಇಷ್ಟೇ ಇರಬಹುದು. ಒಂದೇ ಸೂರಿನ ಕೆಳಗೆ ಮಲಗುವ ಗಂಡ ಹೆಂಡತಿಗೆ ಚೀಟಿ ಬರೆಯುವುದಾ? ಅವಳು ಹೋಗಿ ಪಕ್ಕದ ಮನೆಯಲ್ಲಿ ನಮ್ಮೋರಿಗೆ ಕಿವಿ ಕೆಪ್ಪು ಅಂದರೆ, ಸಂಜೆಗೆ ಊರಿಗೆಲ್ಲ ಗೊತ್ತು, ಬೆಳಗ್ಗೆ ಸಾವ್ಕಾರ್ರಿಗೆ ಗೊತ್ತು. ಅದಕ್ಕಿಂತ ಮಾತಾಡದ ಗಂಡ ಅನ್ನಿಸಿಕೊಂಡಿರುವುದೇ ವಾಸಿ. ಕೊಬ್ಬು ಅಂದುಕೊಳ್ಳಲಿ, ಕೆಪ್ಪ ಅನ್ನುವುದು ಬೇಡ.

ಬರೆದದ್ದು ನನ್ನದೇ ತಪ್ಪು. ಇನ್ನು ಬರೆಯಬೇಡಿ. ನಾನೂ ಬರೆಯುವುದಿಲ್ಲ.

ಕೆಂಪರಾಜು


ಮಂಡ್ಯ
29 ಸೆಪ್ಟೆಂಬರ್ 2024

ಕೆಂಪರಾಜಣ್ಣ,

ಬೇಡ ಅಂದರೂ ಬರೆಯುತ್ತಿದ್ದೇನೆ. ನಾಳೆ ವರದಿಗೆ ಕೊನೆಯ ದಿನ, ನಾನು ಕೊಡುತ್ತಿಲ್ಲ. ನಿಮ್ಮ ಮೇಲೆ ನನಗೆ ಕೋಪವಿಲ್ಲ. ಇಷ್ಟೇ ತಾನೇ ಅಂದದ್ದು ದುಡುಕು. ನೀವು ಬರೆಯದಿದ್ದರೆ ಬೇಡ, ಇದನ್ನು ಓದಿದಿರಿ ಅಂತ ಅಂದುಕೊಳ್ಳುತ್ತೇನೆ.

ಚೈತನ್ಯಾ


ಮಳವಳ್ಳಿ
3 ಅಕ್ಟೋಬರ್ 2024

ಚೈತನ್ಯಾ ಅನ್ನೋಳಿಗೆ,

ನಾನು ಕೆಂಪರಾಜು ಹೆಂಡ್ತಿ ನಾಗರತ್ನ. ಯಾರವ್ವ ನೀನು? ಟೀ ಅಂಗಡಿ ಲಿಂಗಯ್ಯನ ಹೆಂಡ್ತಿ ಚಿಕ್ಕಬೋರಮ್ಮ ನಾಲ್ಕು ಜನದ ಮುಂದೆ ಕೇಳುದ್ಲು, "ನಿನ್ ಗಂಡಂಗೆ ಮಂಡ್ಯದಿಂದ ಕಾಗ್ದ ಬತ್ತವಂತಲ್ಲ ಕಣೇ ನಾಗಿ, ಹುಡ್ಗಿ ಅಕ್ಸರವಂತೆ, ಯಾರೇ ಅವ್ಳು?" ಅಂತ. ನನ್ ಮೊಕ ಎಲ್ಲಿ ಮಡೀಕಳ್ಳಿ? ನೆಟ್ಗೆ ಅಂಗಡಿಗೆ ಹೋಗಿ ಹೊಸ ಲಕೋಟೆ ಇಸ್ಕಂಡು ಬಂದಿವ್ನಿ. ಒಡ್ದಿಲ್ಲ. ಮಂದಿ ಕಾಗ್ದ ಒಡೆಯೋಳಲ್ಲ ನಾನು. ಹಿಂದ್ಗಡೆ ಇರೋ ಅಡ್ರೆಸ್ ನೋಡ್ಕಂಡು ಬರೀತಾ ಇವ್ನಿ. ಏಳ್ನೇ ಕ್ಲಾಸು ಓದಿರೋದು, ತಪ್ಪಿದ್ರೆ ತಿದ್ಕೋ.

ಚೆನ್ನಾಗಿ ಉಗಿಯಣ ಅಂತ್ಲೇ ಕೂತೆ. ಬರೀತಾ ಬರೀತಾ ಬಯ್ಯಕ್ಕೆ ಆಗ್ಲಿಲ್ಲ. ಒಂದೇ ಕೇಳ್ತೀನಿ. ನಿಂಗೆ ಅವ್ರು ಏನ್ ಬರೀತಾರೆ? ನನ್ ಕೂಡೆ ಎರಡು ವರ್ಸದಿಂದ ಮಾತಿಲ್ಲ ಕತೆ ಇಲ್ಲ. ಮಗಳು ಫೋನ್ ಮಾಡುದ್ರೆ ಹೂಂ ಹೂಂ ಅಂದು ನನ್ ಕೈಗೇ ಕೊಡ್ತಾರೆ. ಮುಂಚೆ ಏನಾರ ಹೇಳುದ್ರೆ ತಿರುಗಿ ಆದ್ರೂ ನೋಡೋರು, ಆಮೇಕೆ ಅದೂ ನಿಂತೋಯ್ತು. ನಾನೇನ್ ತಪ್ಪು ಮಾಡ್ದೆ ಅಂತ ಒಬ್ಳೇ ಎಣಿಸ್ಕಂಡು ಎಣಿಸ್ಕಂಡು ಸಾಕಾಯ್ತು. ಹೊಸತೊಡಕಿನ ದಿನ ಒಲೆ ಮುಂದೆ ಕೂತು ಕೇಳೇಬುಟ್ಟೆ. ಮೊಕ ನೋಡ್ಕಂಡು ಕೇಳಕ್ಕೆ ಧೈರ್ಯ ಸಾಲ್ಲಿಲ್ಲ, ಬೆನ್ನು ತಿರುಗಿಸ್ಕಂಡು ಕೇಳ್ದೆ. "ನನ್ ಕೂಡೆ ಮಾತಾಡಕ್ಕೆ ಬ್ಯಾಸರನಾ ನಿಮ್ಗೆ?" ಅಂತ.

ಹೂಂ ಅಂದ್ರು.

ತಡ ಮಾಡ್ನಿಲ್ಲ ಕಣವ್ವ, ಯೋಚ್ನೆನೂ ಮಾಡ್ನಿಲ್ಲ. ಹೊಸತೊಡಕಿನ ದಿನ ಆದದ್ದೇ ವರ್ಸೆಲ್ಲಾ ಆಯ್ತದೆ ಅಂತಾರೆ. ನಂಗೆ ಎರಡು ವರ್ಸ ಆಯ್ತು, ಇನ್ನೂ ಮುಗೀಲಿಲ್ಲ. ಬ್ಯಾಸರ ಅಂದೋರ ಮುಂದೆ ಬಾಯಿ ಬುಡೋ ಅಷ್ಟು ಮಾನಗೆಟ್ಟೋಳಲ್ಲ ನಾನು, ಅದ್ಕೇ ಸುಮ್ನಾದೆ. ನೀನು ಎಂಥೋಳೇ ಆಗಿರು. ನಿನ್ ಕೂಡೆ ಪುಟಗಟ್ಲೆ ಆಡೋ ಮಾತಲ್ಲಿ ನನ್ ಎಸ್ರು ಒಂದ್ಸಲನಾದ್ರೂ ಬಂದದಾ? ಅಷ್ಟು ಹೇಳು ಸಾಕು.

ನಾಗರತ್ನ


ಮಂಡ್ಯ
6 ಅಕ್ಟೋಬರ್ 2024

ನಾಗರತ್ನಕ್ಕನಿಗೆ ಚೈತನ್ಯಾಳ ನಮಸ್ಕಾರ.

ನೀವು ಅಂದುಕೊಂಡ ಹಾಗೇನೂ ಇಲ್ಲ. ನಾನು ನಿಮ್ಮ ಮಗಳಿಗಿಂತ ಚಿಕ್ಕವಳಿರಬಹುದು. ಡಾಕ್ಟರ್ ಓದುತ್ತಿದ್ದೇನೆ. ಒಂದು ಅಧ್ಯಯನಕ್ಕೆ ಪ್ರಶ್ನೆ ಕೇಳಲು ಗಿರಣಿಗೆ ಬಂದಿದ್ದೆ, ಅದಕ್ಕೆ ಕೊಟ್ಟ ಉತ್ತರಗಳು ಆ ಪತ್ರಗಳಲ್ಲಿರುವುದು. ಅವುಗಳಲ್ಲಿ ಏನಿದೆ ಎಂದು ನಿಮಗೆ ಹೇಳುವ ಹಾಗಿಲ್ಲ. ಹಾಗೆ ಮಾತು ಕೊಟ್ಟಿದ್ದೇನೆ. ನಿಮ್ಮ ಪತ್ರ ಓದಿ, ಆ ಮಾತು ಯಾಕಾದರೂ ಕೊಟ್ಟೆನೋ ಎಂದು ಹಾಸಿಗೆಯ ಮೇಲೆ ಕೂತು ಅತ್ತೆ. ಆದರೂ ಮುರಿಯಲಾರೆ.

ನಾನು ಹೇಳಬಹುದಾದದ್ದು ಒಂದೇ. ಅವತ್ತು ಕೇಳಿದಿರಲ್ಲ, ಅದೇ ಪ್ರಶ್ನೆಯನ್ನು ಅದೇ ಮಾತಿನಲ್ಲಿ ಒಂದು ಹಾಳೆಯ ಮೇಲೆ ದಪ್ಪಗೆ ಬರೆಯಿರಿ. ಬೆನ್ನು ತಿರುಗಿಸಬೇಡಿ. ಎದುರಿಗೆ ಕೂತು ಅವರ ಕೈಗೆ ಕೊಡಿ, ಪೆನ್ನನ್ನೂ ಕೊಡಿ. ಒಂದು ಸಲ ಕೇಳಿ ಬಂದ ಉತ್ತರವನ್ನೇ ನಂಬಿ ನಾನು ಈ ವರ್ಷ ಕೆಟ್ಟೆ. ನೀವು ಇನ್ನೊಂದು ಸಲ ಕೇಳಿ ಅಕ್ಕ.

ಇಷ್ಟು ಬರೆದದ್ದೇ ಹೆಚ್ಚಾಯಿತೇನೋ. ನಿಮ್ಮ ಹೆಸರು ಬಂದಿದೆಯಾ ಎಂಬ ಪ್ರಶ್ನೆಯನ್ನೂ ಅವರನ್ನೇ ಕೇಳಿ.

ಚೈತನ್ಯಾ


ಮಳವಳ್ಳಿ
14 ಅಕ್ಟೋಬರ್ 2024

ಚೈತನ್ಯಾ ತಾಯಿಗೆ,

ಇದನ್ನು ಮನೆಯ ಜಗುಲಿಯ ಮೇಲೆ ಕೂತು ಬರೆಯುತ್ತಿದ್ದೇನೆ. ಇನ್ನು ಮನೆಗೇ ಬರೆಯಬಹುದು.

ಆಯುಧಪೂಜೆಯ ಹಿಂದಿನ ಸಂಜೆ ಕೈಕಾಲು ತೊಳೆದು ಊಟಕ್ಕೆ ಕೂತೆ. ನಾಗರತ್ನ ತಟ್ಟೆ ಇಡಲಿಲ್ಲ. ಎದುರಿಗೆ ಬಂದು ಕೂತು, ವೀಣಳ ಹಳೆ ನೋಟ್‌ಬುಕ್ಕಿನಿಂದ ಹರಿದ ಒಂದು ಹಾಳೆ, ಒಂದು ಪೆನ್ನು ಕೊಟ್ಟಳು. ಓದಿದೆ. ನನ್ ಕೂಡೆ ಮಾತಾಡಕ್ಕೆ ಬ್ಯಾಸರನಾ ನಿಮ್ಗೆ? ಕೆಳಗೆ, ಹೊಸತೊಡಕಿನ ದಿನ ಕೇಳಿದ್ದು, ಅಂತ ಬರೆದಿತ್ತು.

ಅಯ್ಯೋ ನನ್ನ ಬಾಯಿಗೆ ಮಣ್ಣು ಹಾಕ ಅಂದುಕೊಂಡೆ. ಇದಕ್ಕಾ ನಾನು ಹೂಂ ಅಂದಿದ್ದು? ಇಲ್ಲ ಅಂತ ಬರೆದೆ. ಬರೆದದ್ದು ಸಣ್ಣಗೆ ಕಂಡಿತು. ಅದರ ಮೇಲೇ ಇನ್ನೊಂದು ಸಲ ದಪ್ಪಗೆ ಬರೆದೆ. ಆಮೇಲೆ ತಡೆಯಲಿಲ್ಲ, ಬಾಯಿ ಬಿಟ್ಟು "ನಂಗೆ ಕಿವಿ ಕೇಳಲ್ಲ ಕಣೇ ನಾಗಿ" ಅಂದೆ. ಎಷ್ಟು ಜೋರಾಗಿ ಅಂದೆನೋ ಏನೋ, ಪಕ್ಕದ ಮನೆಯ ಜವರಯ್ಯ ಗೋಡೆಯ ಮೇಲಿಂದ ತಲೆ ಹಾಕಿದ. ಆಗಲಿ ಬಿಡು ಅನ್ನಿಸಿತು. ನಾಗರತ್ನ ಮುದ್ದೆ ತಿರುವುವ ಹಿಟ್ಟಿನ ಕೋಲು ಎತ್ತಿಕೊಂಡು ಬಂದವಳು ಹೊಡೆಯಲಿಲ್ಲ, ಬೈದಳು. ಎರಡು ವರ್ಷದ್ದೆಲ್ಲಾ ಒಂದೇ ಸಲಕ್ಕೆ ಬೈದಳು. ಅವಳ ಬಾಯಿಯನ್ನೇ ನೋಡುತ್ತಾ ಕೂತಿದ್ದೆ. ಒಂದು ಮಾತೂ ಕೇಳಿಸಲಿಲ್ಲ, ಸಾಕು ನಿಲ್ಲಿಸು ಅಂತಲೂ ಅನ್ನಿಸಲಿಲ್ಲ.

ಮಾರನೆಯ ದಿನ ಮೆಷಿನ್ನಿಗೆ ಕುಂಬಳಕಾಯಿ ಒಡೆದ ಮೇಲೆ ಸಾವ್ಕಾರ್ರಿಗೂ ನಾನೇ ಹೇಳಿದೆ. ಅಂದುಕೊಂಡದ್ದೇ ಆಯಿತು. ಮೆಷಿನ್ ಬೇರೆಯವರಿಗೆ ಕೊಟ್ಟು ನನ್ನನ್ನು ಗೋಡೌನಿಗೆ ಹಾಕಿದರು. ಹೊಟ್ಟೆ ಉರಿಯುತ್ತದೆ, ಸುಳ್ಳು ಹೇಳುವುದಿಲ್ಲ. ನಿನ್ನೆ ಯಾರೋ ಹಿಂದಿನಿಂದ ಕೆಪ್ಪ ಅಂದರಂತೆ. ನನಗೆ ಕೇಳಿಸಲಿಲ್ಲ. ನಾಗರತ್ನ ಕೇಳಿಸಿಕೊಂಡು ಜಗಳಕ್ಕೆ ಹೋಗಿದ್ದಳು. ಈ ಗುರುವಾರ ಇಬ್ಬರೂ ಆಸ್ಪತ್ರೆಗೆ ಬರುತ್ತೇವೆ. ಈ ಸಲ ಹೆಬ್ಬೆರಳು ನೋಡುವುದಿಲ್ಲ.

ಮಿಕ್ಕವರನ್ನು ಮತ್ತೆ ಕೇಳುವಾಗ ಮೆಷಿನ್ ನಿಂತಿರುವ ದಿನ ಬನ್ನಿ. ಎಲ್ಲರನ್ನೂ ಕೂರಿಸುವ ಕೆಲಸ ನನ್ನದು.

ಇನ್ನೊಂದು ಮಾತು. ನಾಗರತ್ನ ಒಡೆಯದೆ ಇಟ್ಟುಕೊಂಡಿದ್ದ ಲಕೋಟೆಯನ್ನೂ ಕೊಟ್ಟಳು. ಲಿಂಗಯ್ಯನ ಅಂಗಡಿಯ ಕ್ಯಾಲೆಂಡರಿನಲ್ಲಿ ನಿಮ್ಮ ಕಾಗದಗಳ ತಾರೀಖು ನೋಡಿದೆ. ಭಾನುವಾರ. ಬಾವುಟದ ದಿನ. ಗಣೇಶನ ಹಬ್ಬ. ಮತ್ತೆ ಭಾನುವಾರ. ಕೆರಗೋಡು ಮಂಡ್ಯಕ್ಕೆ ದೂರವೇನಲ್ಲವಲ್ಲ? ಸ್ನೇಹಿತೆಯರು ಅಂದಿರಿ, ಒಬ್ಬಳ ಹೆಸರೂ ಇಲ್ಲ. ಅದಕ್ಕೆ ನಿಮ್ಮ ಕೊನೆಯ ಪ್ರಶ್ನೆಯನ್ನೇ ನಿಮಗೆ ಕೇಳುತ್ತೇನೆ. ಮನಸ್ಸು ಬಿಚ್ಚಿ ಮಾತಾಡಲು ನಿಮಗೆ ಯಾರಾದರೂ ಇದ್ದಾರಾ? ಹೂಂ ಅನ್ನಬೇಡಿ.

ಕೆಂಪರಾಜು


ಮಂಡ್ಯ
31 ಅಕ್ಟೋಬರ್ 2024

ಕೆಂಪರಾಜಣ್ಣ, ನಾಗರತ್ನಕ್ಕ,

ಇಲ್ಲ.

ಈ ಒಂದು ಪದ ಬರೆಯಲು ಎರಡು ವಾರ ಹಿಡಿಯಿತು. ಆಸ್ಪತ್ರೆಯಲ್ಲಿ ಸಿಕ್ಕಾಗ ನೀವು ಬಾಯಿ ಬಿಟ್ಟು ಕೇಳಲಿಲ್ಲ, ಅದು ನಿಮ್ಮ ದೊಡ್ಡತನ. ಅಕ್ಕ ಕೊಟ್ಟ ರೊಟ್ಟಿಯನ್ನು ಮೂರು ದಿನ ತಿಂದೆ. ಕಿವಿಗೆ ಹಾಕುವ ಯಂತ್ರದ ಅಳತೆ ಸಿದ್ಧವಾಗಿದೆ, ಮುಂದಿನ ತಿಂಗಳು ಕೊಡುತ್ತಾರಂತೆ.

ಮೊದಲ ವರ್ಷ ನಾನು ಒಂದು ವಿಷಯದಲ್ಲಿ ಫೇಲಾದೆ. ನನ್ನ ಜೊತೆಯವರೆಲ್ಲ ಮುಂದೆ ಹೋದರು, ನಾನು ಕಿರಿಯರ ತರಗತಿಯಲ್ಲಿ ಕೂತಿದ್ದೇನೆ. ಅವರು ಅಕ್ಕ ಅನ್ನುತ್ತಾರೆ, ಜೊತೆಗೆ ಕರೆಯುವುದಿಲ್ಲ. ಸಿನಿಮಾಕ್ಕೆ ಯಾರೂ ನನ್ನನ್ನು ಕರೆದಿರಲಿಲ್ಲ. ಫೇಲಾದದ್ದು ಮನೆಯಲ್ಲಿ ಗೊತ್ತಿಲ್ಲ. ಒಂದು ಸರ್ಟಿಫಿಕೇಟ್ ಹಿಡಿದುಕೊಂಡು ಹೋದರೆ ಅದರ ಜೊತೆಗೆ ಇದನ್ನೂ ಹೇಳಿಬಿಡಬಹುದು ಅಂದುಕೊಂಡಿದ್ದೆ. ಅದಕ್ಕೇ ಈ ಸಂಶೋಧನೆ ಶುರು ಮಾಡಿದ್ದು. ಬಸ್ಸಿನ ಕತೆಯೂ ನಿಜ, ಇದೂ ನಿಜ.

ಮತ್ತೆ ಕೇಳಲು ಸಮಿತಿಯ ಒಪ್ಪಿಗೆ ಬಂದಿದೆ. ಸರ್ಟಿಫಿಕೇಟ್ ಇಲ್ಲದಿದ್ದರೂ ಮಾಡುತ್ತೀಯಾ ಅಂತ ಸರ್ ಕೇಳಿದರು. ಮಾಡುತ್ತೇನೆ ಅಂದೆ. ಮೊನ್ನೆ ಗಗನ ಅಂತ ಒಬ್ಬಳು ಹೊಸ ಹುಡುಗಿ ರೂಮಿಗೆ ಬಂದು, "ರಿಸರ್ಚ್ ಹೆಂಗಕ್ಕಾ ಶುರು ಮಾಡೋದು?" ಅಂದಳು. ಮೊದಲು ಮೆಷಿನ್ ನಿಲ್ಲಿಸಿ ಕೇಳು ಅಂದೆ. ಅರ್ಥವಾಗದೆ ನಕ್ಕಳು. ಎರಡು ನಿಮಿಷ ಕೂತಿದ್ದು ಹೋದಳು. ಇನ್ನೂ ಸ್ವಲ್ಪ ಹೊತ್ತು ಇರಲಿ ಅನ್ನಿಸಿತು, ಹೇಳಲಿಲ್ಲ.

ಅವ್ವ ದಿನಾ ಫೋನ್ ಮಾಡುತ್ತಾಳೆ. ಇಲ್ಲಿ ಯಾವ ಗಿರಣಿಯೂ ಓಡುತ್ತಿರುವುದಿಲ್ಲ. "ಚೆಂದಾಗಿದೀಯೇನವ್ವ?" ಅನ್ನುತ್ತಾಳೆ, ನನಗೆ ಒಂದೊಂದು ಅಕ್ಷರವೂ ಕೇಳಿಸುತ್ತದೆ. ಹೂಂ ಅನ್ನುತ್ತೇನೆ.

ಇವತ್ತು ದೀಪಾವಳಿ. ಇದನ್ನು ಡಬ್ಬಿಗೆ ಹಾಕಿ, ಮಧ್ಯಾಹ್ನದ ಬಸ್ಸಿಗೆ ಕೆರಗೋಡಿಗೆ ಹೊರಟಿದ್ದೇನೆ. ಅವ್ವನ ಎದುರಿಗೆ ಬಾಯಿ ಬರದಿದ್ದರೆ ಅಂತ ಒಂದು ಹಾಳೆಯಲ್ಲಿ ಎಲ್ಲವನ್ನೂ ಬರೆದುಕೊಂಡಿದ್ದೇನೆ. ಅವ್ವನಿಗೆ ಓದಲು ಬರುತ್ತದೆ.

ಚೈತನ್ಯಾ